ಅವ್ವನ ಸೀರೆ ಹಾಕದ ವಾಷಿಂಗ್ ಮಷಿನ್

ಬ್ಯಾಡಗಿ
2-3-2025, ಭಾನುವಾರ

ಮಗಳು ಕಾವ್ಯಾಳಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಬರೆಯುತ್ತೇನೆಂದು ಹೇಳಿ ಇಪ್ಪತ್ತು ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ಇದು ಮೆಣಸಿನಕಾಯಿಯ ಕಾಲ. ದಿನವೆಲ್ಲ ತೊಟ್ಟು ಬಿಡಿಸಿ ಮನೆಗೆ ಬಂದರೆ ಬೆರಳು ಉರಿದು ಪೆನ್ನು ಹಿಡಿಯಲಾಗುವುದಿಲ್ಲ. ಅದೂ ಐದನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದು. ಕೂಸು ಹೇಗಿದೆ? ಮೈಮೇಲಿನ ಗುಳ್ಳೆ ಪೂರಾ ಮಾಯ್ದವೇ? ಫ್ಯಾನು ಜೋರಾಗಿ ಇಡಬೇಡ, ನೆತ್ತಿಗೆ ಗಾಳಿ ಬಡಿಯುತ್ತದೆ.

ಸುದ್ದಿ ಏನೆಂದರೆ, ನಿನ್ನ ಅವ್ವ ವಾಷಿಂಗ್ ಮಷಿನ್ ತಂದಿದ್ದಾಳೆ! ನನ್ನ ಸ್ವಂತ ದುಡಿಮೆಯಲ್ಲಿ. ಬಾಣಂತನ ಅರ್ಧಕ್ಕೆ ಬಿಟ್ಟು, ನಲವತ್ತೈದನೆಯ ದಿನವೇ ಗುಳ್ಳೆ ಎದ್ದ ಕೂಸನ್ನು ಎತ್ತಿಕೊಂಡು ನೀನು ರಾಣೆಬೆನ್ನೂರಿನ ಅತ್ತೆ ಮನೆಗೆ ಹೋದೆಯಲ್ಲ, ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿದ್ದೆ. ಯುಗಾದಿಗೆ ನೀನು ಕೂಸಿನೊಂದಿಗೆ ಬಂದು ಒಂದು ತಿಂಗಳಾದರೂ ಇರಬೇಕು. ಅದಕ್ಕೇ ಇದೆಲ್ಲ.

ಯಾವ ಮಷಿನ್ ಎಂದು ಆರಿಸುವಷ್ಟರಲ್ಲಿ ನನಗೆ ನಿದ್ದೆ ಹಾರಿತ್ತು. ಹನ್ನೆರಡು ಸಾವಿರ ಮೀರುವಂತಿಲ್ಲ. ಕರೆಂಟು ಹೊಡೆದರೆ? ಇಲಿ ವೈರು ಕಡಿದರೆ? ಎರಡೇ ದಿನಕ್ಕೆ ನಿಂತುಬಿಟ್ಟರೆ? ಅದಕ್ಕೆ ಮಾರುವವರನ್ನು ಬಿಟ್ಟು, ಮೊದಲು ರಿಪೇರಿ ಮಾಡುವ ಇಸಾಕಸಾಬರ ಹತ್ತಿರ ಹೋದೆ.

"ನಿಮ್ಮ ಕಡೆ ಯಾವ್ಯಾವ ನಮೂನಿ ಮಷಿನ್ ಹೆಚ್ಚು ಕೆಟ್ಟು ಬರ್ತಾವ ಹೇಳ್ರಿ, ಅವನ್ನ ಬಿಟ್ಟು ತಗೋತೇನಿ" ಎಂದೆ.

ಅವರು ನಕ್ಕುಬಿಟ್ಟರು. "ಅಕ್ಕಾರ, ಎಲ್ಲಾರೂ ನಿಮ್ಮಂಗ ಕೇಳಿದ್ರ ನಾ ಅಂಗಡಿ ಮುಚ್ಚಬೇಕಾಗತೈತಿ. ಖರೇ ಹೇಳ್ಲೇನು? ಬಟನ್ ಕಮ್ಮಿ ಇದ್ದಷ್ಟು ಕಿರಿಕಿರಿ ಕಮ್ಮಿ. ಒಗ್ಯಾಕ ಒಂದು, ಹಿಂಡಾಕ ಒಂದು, ಎರಡು ತೊಟ್ಟಿ ಇರೋದು ತಗೋರಿ. ತಳದಾಗ ಇಲಿ ಹೋಗದಂಗ ಜಾಳಗಿ ಐತೇನು ಬಗ್ಗಿ ನೋಡ್ರಿ."

ರಾಣೆಬೆನ್ನೂರಿಗೂ ಬಂದು ಎರಡು ಅಂಗಡಿ ನೋಡಿದೆ. ನಿಮ್ಮ ಓಣಿಯ ತಿರುವಿನವರೆಗೂ ಬಂದಿದ್ದೆ. ಕೆಲಸದ ಸೀರೆಯಲ್ಲೇ ಇದ್ದೆ, ಒಳಗೆ ಬರುವ ಧೈರ್ಯವಾಗಲಿಲ್ಲ. ಸಿಟ್ಟಾಗಬೇಡ.

ಕೊನೆಗೆ ಹಾವೇರಿಯಲ್ಲಿ ಪರಮೇಶಪ್ಪ ಎನ್ನುವವರ ಅಂಗಡಿ. ಅವರು ದೊಡ್ಡದೊಂದನ್ನು ತೋರಿಸಿ, "ಅವ್ವಾರ, ಬಟನ್ ಒತ್ತಿ ಅಡ್ಡಾಗ್ರಿ, ಎಲ್ಲಾ ಅದ ಮಾಡತೈತಿ" ಎಂದರು.

"ನಮ್ಮನಿ ಮ್ಯಾಲ ಟಾಕಿ ಇಲ್ಲರಿ, ಬ್ಯಾರಲ್ ನೀರು. ಕೊಡದಿಂದ ಸುರುವಿದ್ರ ಇದು ಕೆಲಸ ಮಾಡತೈತೇನ್ರಿ?"

"ಇದಕ್ಕ ನಳದ ನೀರ ಬೇಕ್ರಿ" ಎಂದು ಒಪ್ಪಿಕೊಂಡರು. ನಾನೇ ಎರಡು ತೊಟ್ಟಿಯದನ್ನು ತೆಗೆಸಿ, ನೆಲಕ್ಕೆ ಬಗ್ಗಿ ಜಾಳಗಿ ನೋಡಿದೆ. "ಕೆಟ್ರ ಬ್ಯಾಡಗಿತನಕ ಬಂದು ನೋಡಾವ್ರು ಯಾರು? ಹೆಸರು, ನಂಬರ್ ಪಾವತಿ ಮ್ಯಾಲ ಬರದುಕೊಡ್ರಿ" ಎಂದೆ.

"ಎಷ್ಟು ಕಲ್ತೀರಿ ಅವ್ವಾರ?"

"ಐದನೇ ಇಯತ್ತೆ."

"ಡಿಗ್ರಿ ಓದಿದವ್ರು ಬಣ್ಣ ನೋಡಿ ಒಯ್ತಾರ, ನೀವು ತಳ ನೋಡೀರಿ!" ಎಂದು ಚಹಾ ತರಿಸಿದರು. ಕಾವ್ಯಾ, ಕುರ್ಚಿಯ ಮೇಲೆ ಕುಳಿತು ಆ ಚಹಾ ಕುಡಿಯುವಾಗ ನಿನ್ನ ಅವ್ವನ ಗತ್ತು ನೋಡಬೇಕಿತ್ತು.

ಈಗ ಓಣಿಯ ಹೆಂಗಸರೆಲ್ಲ ಬಂದು ನೋಡಿಹೋಗುತ್ತಿದ್ದಾರೆ. ಹದಿನೈದು ದಿನವಾಯಿತು, ಒಂದು ಸಲವೂ ನಿಂತಿಲ್ಲ. ನನ್ನ ಕೆಲಸದ ಸೀರೆಯನ್ನು ಮಾತ್ರ ಅದಕ್ಕೆ ಮುಟ್ಟಿಸಿಲ್ಲ, ಕಲ್ಲಿನ ಮೇಲೇ ಒಗೆಯುತ್ತೇನೆ. ನಿನ್ನ ಅಪ್ಪನದು ದಿನಾ ಒಂದೇ ರಗಳೆ: "ಏನವಾ ಭರಮವ್ವ, ಇದನ್ನ ಪೂಜಿ ಮಾಡಾಕ ತಂದಿಯೇನು?" ಮನುಷ್ಯನಿಗೆ ಏನು ಹೇಳಲಿ.

ನಿನ್ನ ಹೊಟ್ಟೆ ತಣ್ಣಗಿರಲಿ, ಕೂಸು ನೂರು ವರ್ಷ ಬಾಳಲಿ. ಅತ್ತೆಯವರಿಗೆ ನನ್ನ ಶರಣು ತಿಳಿಸು.

ನಿನ್ನ ಅವ್ವ,
ಭರಮವ್ವ

ತಾ.ಕ.: ಕೂಸಿಗೆ ಗುಳ್ಳೆ ಎದ್ದಾಗ ನಮ್ಮ ಮನೆಗೆ ನೋಡಲು ಬಂದ ನಿನ್ನ ಅತ್ತೆ, "ಬಾಣಂತಿ ಬಾಯಿ ಕಟ್ಟಿಲ್ಲ, ಖಾರ ತಿಂದಾಳ, ಅದ ಹಾಲಿಗೆ ಇಳದೈತಿ" ಎಂದರು. "ತಿಂದಿಲ್ಲವ್ವಾ" ಎಂದು ನೀನು ಅಳುತ್ತ ನನ್ನ ಮುಖ ನೋಡಿದೆ. ನಾನು ಸುಮ್ಮನೆ ನಿಂತೆ. ಹಿಂದಿನ ದಿನ ನೀರು ಉಳಿಯಲಿ ಎಂದು, ನನ್ನ ಮೆಣಸಿನಕಾಯಿ ಧೂಳಿನ ಸೀರೆ ನೆನೆಸಿದ ಬಕೀಟಿನಲ್ಲೇ ಕೂಸಿನ ಬಟ್ಟೆ ಅದ್ದಿ ತೆಗೆದಿದ್ದೆ. ತಪ್ಪು ನನ್ನದು, ನಿನ್ನ ಹಾಲಿನದಲ್ಲ. ಆ ಮಾತನ್ನು ಅವರು ಈಗಲೂ ಆಡುತ್ತಾರಂತೆ. ಇಷ್ಟು ಸಾಲನ್ನು ಅವರ ಮುಂದೆ ಗಟ್ಟಿಯಾಗಿ ಓದು ಮಗಳೇ. ಆಮೇಲೆ ಬರಬೇಕು ಅನ್ನಿಸಿದರೆ ಬಾ.