ದೊಡ್ಡಮ್ಮನ ದನಿ ಕೇಳಿಸದ ಕಾರ್ಯಕ್ರಮ

ಪ್ರೀತಿಯ ದೊಡ್ಡಮ್ಮನಿಗೆ,

ಟೀವಿಯಲ್ಲಿ ನೀವು ಪುಸ್ತಕ ಹೊಲಿಯುತ್ತ ಮಾತಾಡುವಾಗ ದನಿ ಬರದೆ ಬರೀ ಸಂಗೀತ ಕೇಳಿಸಿತಲ್ಲ, ಅದು ಚಾನೆಲ್‌ನವರ ತಪ್ಪೆಂದು ಫೋನಿನಲ್ಲಿ ಹೇಳಿದ್ದೆ. ಅದು ಸುಳ್ಳು. ಈ ಚಾನೆಲ್‌ಗೆ ಮಾತು, ಸಂಗೀತ ಬೆರೆಸಿದ ಒಂದೇ ಟ್ರ್ಯಾಕ್ ಬೇಕು. ಇನ್ನೊಂದು ಚಾನೆಲ್‌ಗೆ ಎರಡೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಬೇಕು. ಕಾರ್ಯಕ್ರಮ ಕಳಿಸುವ ಕೆಲಸ ನನ್ನದು; ಚಾನೆಲ್‌ನ ನಿಯಮದ ಹಾಳೆ ನೋಡದೆ ನಾನೇ ಅವರದನ್ನು ಇವರಿಗೆ ಕಳಿಸಿದೆ, ಇವರಲ್ಲಿ ಸಂಗೀತದ ಟ್ರ್ಯಾಕ್ ಮಾತ್ರ ಓಡಿತು.

"ಕ್ಯಾಮೆರಾ ಕಂಡು ನಾಲಿಗೆ ಬಿದ್ದುಹೋಯ್ತಾ?" ಎಂದು ಎದುರುಮನೆಯವರು ನಕ್ಕರಂತೆ. ಸರಿಪಡಿಸಿದ್ದು ಭಾನುವಾರ ನಾಲ್ಕಕ್ಕೆ ಮತ್ತೆ ಬರುತ್ತದೆ. ಅವರನ್ನೂ ಕರೆಯಿರಿ. ತಪ್ಪು ನನ್ನದೆಂದು ಮೊದಲೇ ಹೇಳಿಬಿಡಿ. ಏಕೆಂದರೆ ಅದರಲ್ಲಿ ನೀವು, "ನಮ್ಮ ಹುಡುಗಿ ಟೀವಿ ಕೆಲಸದಲ್ಲಿದ್ದಾಳೆ, ಅವಳ ಕೈಲಿ ತಪ್ಪೇ ಆಗಲ್ಲ" ಅಂದಿದ್ದೀರಿ.

ಆ ಮಾತನ್ನು ತೆಗೆಯಲು ನೋಡಿದೆ. ಕಾರ್ಯಕ್ರಮ ಒಂದು ಸೆಕೆಂಡೂ ಕಡಿಮೆಯಾಗಬಾರದೆಂಬುದು ಈ ಚಾನೆಲ್‌ನ ನಿಯಮ.

ತಲೆ ತಗ್ಗಿಸಿ,
ನಿಮ್ಮ ಹುಡುಗಿ