ಮಾಳಿಗೆಯ ಮೇಲಿನ ನಿದ್ದೆ ಪಂದ್ಯ

ಹಿರೇಮಾಳಗಿ
ಚೈತ್ರ ಮಾಸದ ಇಪ್ಪತ್ತೊಂದನೆಯ ದಿನ, ೨೨೧೯

೨೦೨೦ರಲ್ಲಿ ಬಾಗಿಲು ಹಾಕಿಕೊಂಡು ಕುಳಿತಿರುವ ನಮ್ಮ ಹಿರಿಯರಿಗೆ ಬಸಲಿಂಗಪ್ಪನ ಶರಣು.

ನಿದ್ದೆಯನ್ನು ಕಂಡುಹಿಡಿದವನು ನಾನೇ. ನನಗಿಂತ ಮುಂಚಿನ ಜನ ಸುಮ್ಮನೆ ಕಣ್ಣು ಮುಚ್ಚಿಕೊಂಡು ಬೆಳಗಾಗುವುದನ್ನು ಕಾಯುತ್ತಿದ್ದರು; ನೀವು ಈಗ ಮಾಡುತ್ತಿರುವುದೂ ಅದನ್ನೇ ಎಂದು ಬಲ್ಲೆ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವನು, ಅದರಲ್ಲಿ ಅರ್ಧ ಗೋಡೆಗೆ ಒರಗಿ. ಮಾತು ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕಾಲದ ಸಾಮಾನುಗಳೇ ಹಾಗಿವೆ.

ಹೋದ ವರ್ಷ ನಮಗೂ ರೋಗ ಬಂದು ಬಾಗಿಲುಬಂದಿಯಾಯಿತು. ಬೀದಿಯ ಬಾಗಿಲು ತೆರೆಯುವಂತಿಲ್ಲ, ಮಾಳಿಗೆ ಹತ್ತಬಹುದು. ಕೆಲಸವಿಲ್ಲ, ದಣಿವಿಲ್ಲ. ಜನ ಉಂಡು ಮಲಗುವುದು, ಚಹಾಕ್ಕೆ ಏಳುವುದು, ಚಹಾ ಕುಡಿದ ಸುಸ್ತಿಗೆ ಮತ್ತೆ ಮಲಗುವುದು. ರಾತ್ರಿಯಾದರೆ ಊರಿಗೆ ಊರೇ ಮಾಳಿಗೆಯ ಮೇಲೆ ಪಿಳಿಪಿಳಿ. ಒಬ್ಬ ಕೆಮ್ಮಿದರೆ ಸುತ್ತಲಿನ ಮಾಳಿಗೆಗಳಿಂದೆಲ್ಲ ಕಷಾಯದ ಸಲಹೆ.

ಆಗ ಸರಕಾರದವರು ಮನೆಮನೆಗೆ ತೂಗುಮಂಚ ಕೊಟ್ಟರು. ಮಲಗಿದವರು ಎಚ್ಚರವಿರುವಷ್ಟು ಹೊತ್ತು ಅದು ತಾನೇ ತೂಗುತ್ತದೆ. ನಿಜವಾದ ನಿದ್ದೆ ಹತ್ತಿತೋ, ನಿಲ್ಲುತ್ತದೆ. ಒಂದೇ ಹೊರಳಿಗೆ ನಿಲ್ಲಿಸಿ ತೋರಿಸುತ್ತೇನೆ ಎಂದು ನಾನು ಮಾಳಿಗೆಯಿಂದ ಸಾರಿದೆ. ಪಕ್ಕದ ಮಾಳಿಗೆಯಲ್ಲಿ ನಮ್ಮ ಅಣ್ಣನ ಹೆಂಡತಿ, ಶಿವಗಂಗವ್ವ ವೈನಿ, ಶ್ಯಾವಿಗೆ ಒಣಹಾಕುತ್ತಿದ್ದಳು. “ಮೈದುನಾ, ಮೊದಲ ನಿನ್ನ ಬಾಯಿ ನಿಲ್ಲಲಿ, ಆಮ್ಯಾಲ ಮಂಚ ನಿಂತೀತು!” ಎಂದಳು. ಊರು ನಕ್ಕಿತು. ಯಾರ ಮಂಚ ಮೊದಲು ನಿಲ್ಲುತ್ತದೋ ನೋಡೋಣ ಎಂದು ವೈನಿಯ ಮೇಲೆಯೇ ಪಂದ್ಯ ಕಟ್ಟಿಬಿಟ್ಟೆ.

ಕಟ್ಟಿದ್ದು ಬಿಸಿಲುಕಾಸು. ಮಾಳಿಗೆಗೆ ಬಿದ್ದ ಬಿಸಿಲನ್ನು ಹಿಡಿದು ಕೂಡಿಟ್ಟರೆ ಅದೇ ನಮ್ಮ ನಾಣ್ಯ. ನನ್ನ ಹೆಂಡತಿ ಕಾಶವ್ವ ಎರಡು ವರ್ಷದಿಂದ ತಂಪುಗೋಡೆಗಾಗಿ ಕೂಡಿಡುತ್ತಿದ್ದಳು. ರಾತ್ರಿಯೆಲ್ಲ ತಣ್ಣಗಿರುವ ಗೋಡೆ ಅದು. ಬಂದರೆ ಬೇಸಗೆಯಲ್ಲಿ ತಾನೂ ಒಂದು ಪೂರಾ ನಿದ್ದೆ ಕಂಡೇನೆಂದು ಅವಳ ಆಸೆ. ಗೆದ್ದರೆ ಎರಡು ಗೋಡೆ ತರಬಹುದಲ್ಲ ಎಂದು ನನ್ನ ಲೆಕ್ಕ.

ನಮ್ಮದು ಕುಸ್ತಿಯ ಊರು. ತಾಲೀಮಿಲ್ಲದೆ ಕಣಕ್ಕಿಳಿಯುವುದು ನಮಗೆ ಗೊತ್ತಿಲ್ಲ. ನಾನೂ ತಾಲೀಮು ಶುರು ಮಾಡಿದೆ: ಬೆಳಿಗ್ಗೆ ಹಾಲು ಬಾದಾಮಿ ಕುಡಿದು ಒಂದು ನಿದ್ದೆ, ಮಧ್ಯಾಹ್ನ ಗಟ್ಟಿಯಾದದ್ದೊಂದು, ಮೈಗೆ ಎಣ್ಣೆ ತಿಕ್ಕಿಕೊಂಡು ಮತ್ತೊಂದು. ಪಂದ್ಯದ ದಿನ ತಾಲೀಮಿನಿಂದ ನನ್ನನ್ನು ಎಬ್ಬಿಸುವಾಗ ಹೊತ್ತು ಮುಳುಗಿತ್ತು. ವೈನಿ ಅಂದು ಓಣಿಗೆಲ್ಲ ರೊಟ್ಟಿ ಬಡಿದು, ಹಿಟ್ಟಿನ ಕೈಯಲ್ಲೇ ಮಾಳಿಗೆ ಹತ್ತಿದ್ದಳು.

“ತೂಗೂದಂದ್ರ ನನಗ ವಾಂತಿ ಬರ್ತೈತಿ ನೋಡವಾ” ಎನ್ನುತ್ತ ಮಲಗಿದಳು. ಅವಳ ಮಂಚ ಒಂದು ಸಲ ಅತ್ತ ಹೋಯಿತು, ಇತ್ತ ಬರಲಿಲ್ಲ. ನನ್ನದು ತೂಗಿತು, ತೂಗಿತು, ತೂಗುತ್ತಲೇ ಹೋಯಿತು. ಕಣ್ಣು ಮುಚ್ಚಿದರೂ ಒಳಗೆ ನಡುಹಗಲು. ಮೂಲೆಮನೆಯ ಫಕೀರಗೌಡ ಕೂಗಿದ: “ಬಸಲಿಂಗಪ್ಪ, ಊರು ಮುಟ್ಟಿದ ಮ್ಯಾಲ ಕಾಗದ ಬರೀಯಪಾ!” ಕಾಶವ್ವ ಮಾತ್ರ ನಗಲಿಲ್ಲ. ಸದ್ದಿಲ್ಲದೆ ಬಂದು ಮಂಚವನ್ನು ಹಿಡಿದು ನಿಲ್ಲಿಸಲು ನೋಡಿದಳು. ಮಂಚ ಅವಳನ್ನೂ ಎಳೆದುಕೊಂಡು ತೂಗಿತು.

ಆದ್ದರಿಂದ ಹಿರಿಯರೇ, ಹಗಲು ಮಲಗಬೇಡಿ. ಗೋಡೆಗೆ ಸುಣ್ಣ ಬಳಿಯಿರಿ, ಅಕ್ಕಿ ಆರಿಸಿ, ಏನೂ ಇಲ್ಲದಿದ್ದರೆ ಹೆಂಡತಿಗೆ ಕೇಳಿ, ಕೆಲಸ ಅವಳ ಹತ್ತಿರ ಇದ್ದೇ ಇರುತ್ತದೆ. ಮೈ ದಣಿಯದೆ ನಿದ್ದೆ ಬಾ ಎಂದರೆ ಬರುವ ನೆಂಟನಲ್ಲ.

ಎಷ್ಟು ಸೋತೆ ಎಂದು ಕಾಶವ್ವ ಕೇಳಿದಾಗ ಐವತ್ತು ಬಿಸಿಲುಕಾಸು ಎಂದೆ. ಅಂದಿನಿಂದ ಅವಳು ಗೋಡೆಯವನಿಗೆ ಹೇಳಿಕಳಿಸು ಎನ್ನುತ್ತಾಳೆ. ಮಳೆಗಾಲ ಬರಲಿ, ಅಗ್ಗವಾಗುತ್ತದೆ ಎಂದು ನಾನು ಸಾಗಹಾಕುತ್ತೇನೆ. ನಿಮ್ಮ ಕಾಲದಲ್ಲಿ ಅವಳಿನ್ನೂ ಹುಟ್ಟಿಲ್ಲ. ಆ ಧೈರ್ಯದ ಮೇಲೆ ನಿಮಗಷ್ಟೇ ನಿಜ ಹೇಳುತ್ತೇನೆ: ಸೋತದ್ದು ಒಂಬೈನೂರ ಐವತ್ತು. ಅವಳು ಕೂಡಿಟ್ಟದ್ದೂ ಅಷ್ಟೇ.