ಒಗೆದ ಜೇಬಿನ ಬಿಲ್ಲೆ

ಮಗಳೇ ಚಿಜುರು,

ನಿನ್ನ ಅಣ್ಣ ಯಸುಹಿರೊ ತೀರಿಹೋದನೆಂದು ಹೆಂಚಿನ ಕಾರ್ಖಾನೆಯಿಂದ ಸುದ್ದಿ ಬಂದ ದಿನ, ನೀನು ಒಗೆದುಹಾಕಿದ್ದ ಅವನ ಪ್ಯಾಂಟಿನ ಜೇಬಿನಲ್ಲಿ ಹೆಸರಿನ ಮರದ ಬಿಲ್ಲೆ ಸಿಕ್ಕಿತು. ಅಂದಿನಿಂದ ನೀನು ಹೊಸಿಲು ದಾಟಿಲ್ಲ. ನನಗೂ ಅವನನ್ನು ಬಲಿ ತೆಗೆದುಕೊಂಡ ಆ ಯಂತ್ರದ ಸದ್ದಿನಿಂದ ಬಿಡುಗಡೆಯಿಲ್ಲ.

ಮಣ್ಣು ಕಲಸುವ ಯಂತ್ರದೊಳಗೆ ಇಳಿಯುವವರು ತಮ್ಮ ಬಿಲ್ಲೆಯನ್ನು ಸ್ವಿಚ್ಚಿಗೆ ತೂಗುಹಾಕಬೇಕೆಂಬ ನಿಯಮ ಅಲ್ಲಿನ ಮೇಲ್ವಿಚಾರಕನಾಗಿ ನಾನು ಮಾಡಿದ್ದು. ಅಂದು ಯಸುಹಿರೊ ಬಿಲ್ಲೆಯಿಲ್ಲದೆ ಒಳಗಿಳಿದಿದ್ದ; ಬಿಲ್ಲೆ ಕಾಣಲಿಲ್ಲ, ಒಳಗೆ ಯಾರೂ ಇಲ್ಲವೆಂದು ಅವನ ಗೆಳೆಯನೇ ಸ್ವಿಚ್ಚು ಒತ್ತಿದ.

"ಅಪ್ಪಾ, ಈ ಬಿಲ್ಲೆ ನೆನಪಿಸೋಕೆ ಇನ್ನೊಂದು ಬಿಲ್ಲೆ ಮಾಡ್ಕೊಡು" ಎಂದು ಯಸುಹಿರೊ ನಗುತ್ತಿದ್ದ. "ಮೈಮೇಲೆ ಎಚ್ಚರ ಇದ್ರೆ ಸಾಕು ಕಣೋ, ಸೋಮಾರಿ" ಎಂದು ಗದರುತ್ತಿದ್ದೆ. ಮನುಷ್ಯ ಮರೆಯುತ್ತಾನೆಂದು ತಿಳಿದೂ, ಮರೆತವನನ್ನು ಕಾಯದ ನಿಯಮ ಮಾಡಿದೆ. ತಪ್ಪು ನನ್ನದು, ನಿನ್ನದಲ್ಲ.

ಇಂದು ವಿಚಾರಣೆ. ಅವನ ಅಜಾಗರೂಕತೆಯೇ ಸಾವಿಗೆ ಕಾರಣ ಎಂದು ಬರೆದ ಕಾಗದಕ್ಕೆ ನಾನು ಮೊಹರು ಒತ್ತುವುದಿಲ್ಲ. ಮುಚ್ಚಳ ತೆರೆದೊಡನೆ ಯಂತ್ರ ತಾನೇ ನಿಲ್ಲುವಂತೆ ಮಾಡುವವರೆಗೆ ಯಾರನ್ನೂ ಅದರೊಳಗೆ ಇಳಿಸಬೇಡಿ ಎನ್ನುತ್ತೇನೆ.

ಒಲೆಯ ಮೇಲೆ ಮಿಸೊ ಸಾರಿದೆ, ಬಿಸಿ ಮಾಡಿ ಕುಡಿ. ಬುದ್ಧನ ಮುಂದೆ ಅನ್ನ ಇಟ್ಟಿದ್ದೇನೆ; ಧೂಪ ನೀನು ಹಚ್ಚು. ಮುಷ್ಟಿಯಲ್ಲಿ ಹಿಡಿದೇ ಮಲಗುತ್ತೀಯಲ್ಲ, ಆ ಬಿಲ್ಲೆಯನ್ನೂ ಅಲ್ಲಿಡು.

ಅಮಿದ ಬುದ್ಧನೇ, ಏನನ್ನೂ ನೆನಪಿಡಬೇಕಾಗಿಲ್ಲದ ಶಾಂತಿಯನ್ನು ನನ್ನ ಮಗನಿಗೆ ಕೊಡು.